ಮಗುವಿನ ನೋವು ಕಂಡು ಹೊರಟವರು: ವೈದ್ಯಕೀಯ ಸೇವೆಯಲ್ಲಿ ಕರುಣೆಯ ಪಾಲು

1982ರಲ್ಲಿ ಬಿಲ್ ಮಗೀ ಎಂಬ ಪ್ಲಾಸ್ಟಿಕ್ ಸರ್ಜನ್ ಮತ್ತು ನರ್ಸ್ ಆಗಿದ್ದ ಅವರ ಹೆಂಡತಿ ಕ್ಯಾಥಿ, ಸ್ವಯಂಸೇವಕರ ತಂಡವೊಂದರ ಜೊತೆ ಅಮೆರಿಕದಿಂದ ಫಿಲಿಪ್ಪೀನ್ಸಿನ ನಾಗಾ ನಗರಕ್ಕೆ ಹೋದರು. ಸೀಳುತುಟಿ, ಸೀಳು ಅಂಗುಳಿನೊಂದಿಗೆ ಹುಟ್ಟಿದ ಮಕ್ಕಳಿಗೆ ಆಪರೇಷನ್ ಮಾಡಿ ಬರುವುದು ಉದ್ದೇಶವಾಗಿತ್ತು. ಹೋಗಿ ನೋಡಿದರೆ ನೂರಾರು ಕುಟುಂಬಗಳು ಕಾಯುತ್ತಿದ್ದವು. ಅಷ್ಟು ಮಂದಿಗೆ ಸಾಕಾಗುವ ಶಕ್ತಿ ಆ ಸಣ್ಣ ತಂಡಕ್ಕಿರಲಿಲ್ಲ. ಕೆಲವು ಮಕ್ಕಳ ತುಟಿ ಸರಿಹೋಯಿತು. ಬಂದವರಲ್ಲಿ ಹೆಚ್ಚಿನವರನ್ನು ಹಾಗೆಯೇ ವಾಪಸ್ ಕಳಿಸಬೇಕಾಯಿತು. ಮಗೀ ದಂಪತಿಯನ್ನು ಆಮೇಲೆ ಕಾಡಿದ್ದು ಹಾಗೆ ವಾಪಸ್ಸಾದ ಮಕ್ಕಳ ಮುಖ. ಮತ್ತೆ ಹೋಗಲೇಬೇಕು ಅನ್ನಿಸಿತು. ಆಪರೇಷನ್ ಸ್ಮೈಲ್ ಎಂಬ ಸಂಸ್ಥೆ ಹುಟ್ಟಿದ್ದು ಆ ಸಂಕಟದಿಂದ.

ವೈದ್ಯಕೀಯ ಮಿಷನ್ ಎಂದ ಕೂಡಲೇ ಹಲವರಿಗೆ ನೆನಪಾಗುವುದು ಚರ್ಚು ನಡೆಸುವ ಆಸ್ಪತ್ರೆ. ಅದು ಒಂದು ಬಗೆ. ಚಿಕಿತ್ಸೆ ಸಿಗದ ಜನರಿರುವ ಕಡೆಗೆ ವೈದ್ಯರು, ನರ್ಸುಗಳು ತಮ್ಮ ಅನುಕೂಲ ಬಿಟ್ಟು ಹೋಗಿ ದುಡಿಯುವುದೆಲ್ಲ ಇದರಲ್ಲಿ ಸೇರುತ್ತದೆ: ಒಂದು ವಾರದ ಶಸ್ತ್ರಚಿಕಿತ್ಸಾ ಶಿಬಿರ, ತಿಂಗಳುಗಟ್ಟಲೆ ಬಂದರಿನಲ್ಲಿ ನಿಲ್ಲುವ ಆಸ್ಪತ್ರೆ ಹಡಗು, ಯುದ್ಧ ನಡೆಯುವ ಕಡೆಯ ಡೇರೆ, ಒಂದೇ ಆಸ್ಪತ್ರೆಯಲ್ಲಿ ತಲೆ ನರೆಯುವವರೆಗೆ ಕಳೆದವರ ಬದುಕು. ಇವರನ್ನು ಯಾಕೆ ಹೊರಟಿರಿ ಎಂದು ಕೇಳಿದರೆ, ಉತ್ತರದಲ್ಲಿ ಎಲ್ಲೋ ಒಂದು ಕಡೆ ಒಂದು ಮಗು ಬಂದೇ ಬರುತ್ತದೆ. ಆ ಉತ್ತರವನ್ನು ನಾನು ಗೌರವಿಸುತ್ತೇನೆ. ಅದು ಎಷ್ಟು ದೂರ ನಡೆಸಬಲ್ಲದು, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನೂ ನಾವು ತಿಳಿದಿರಬೇಕು. ಯಾಕೆಂದರೆ ಕರುಣೆಯ ಲೆಕ್ಕ ತಪ್ಪಿದಾಗ ನಷ್ಟ ಅನುಭವಿಸುವುದು ಅದೇ ಮಕ್ಕಳು.

ಕರುಳು ಚುರ್ ಎನ್ನುವುದು

ಮಗುವಿನ ನೋವು ಕಂಡಾಗ ನಾವು ಕರುಳು ಚುರ್ ಎಂದಿತು ಅನ್ನುತ್ತೇವೆ. ಹೃದಯವನ್ನೂ ಮೀರಿ ಇನ್ನೂ ಕೆಳಗೆ, ಹೊಟ್ಟೆಯಲ್ಲಿ ಆಗುವ ಸಂಕಟ ಅದು. ಕನ್ನಡಕ್ಕೆ ಮಾತ್ರ ಹೊಳೆದ ಮಾತಲ್ಲ ಇದು. ಬೈಬಲಿನ ಸುವಾರ್ತೆಗಳಲ್ಲಿ ರೋಗಿಗಳನ್ನು ಕಂಡ ಯೇಸುವಿಗೆ ಕನಿಕರ ಉಂಟಾಯಿತು ಎಂದು ಹೇಳುವಾಗ ಬಳಸಿರುವ ಗ್ರೀಕ್ ಕ್ರಿಯಾಪದ ಕರುಳು ಎಂಬ ಅರ್ಥದ ಶಬ್ದದಿಂದ ಬಂದದ್ದು. ಹೀಬ್ರೂ ಭಾಷೆಯಲ್ಲಿ ಕರುಣೆಗೆ ಇರುವ ಪದವೂ ಗರ್ಭ ಎಂಬ ಪದವೂ ಒಂದೇ ಧಾತುವಿನವು. ಕ್ರಿಸ್ತಪೂರ್ವ 4ನೇ ಶತಮಾನದ ಚೀನಾದಲ್ಲಿ ಮೆನ್ಸಿಯಸ್ ಎಂಬ ಚಿಂತಕ ಇದನ್ನೇ ಬಾವಿಯ ಉದಾಹರಣೆಯಿಂದ ವಿವರಿಸಿದ. ಪುಟ್ಟ ಮಗುವೊಂದು ಬಾವಿಗೆ ಬೀಳುವುದರಲ್ಲಿದೆ. ಅದನ್ನು ಕಂಡ ಯಾರೇ ಆಗಲಿ ಎದೆ ಧಸಕ್ ಎಂದು ಬೆಚ್ಚುತ್ತಾರೆ. ಮಗುವಿನ ಅಪ್ಪ ಅಮ್ಮನ ಸ್ನೇಹ ಬೇಕೆಂದಾಗಲಿ, ಊರವರು ಹೊಗಳಲಿ ಎಂದಾಗಲಿ ಅಲ್ಲ. ಹಾಗೆ ಯೋಚಿಸುವಷ್ಟು ಹೊತ್ತೇ ಇರುವುದಿಲ್ಲ. ಮನುಷ್ಯನಲ್ಲಿ ಒಳ್ಳೆಯತನದ ಮೊಳಕೆ ಹುಟ್ಟಿನಿಂದಲೇ ಇದೆ ಎಂಬುದಕ್ಕೆ ಆತ ಕೊಟ್ಟ ಸಾಕ್ಷಿ ಇದು. ಆತ ಬಳಸಿದ ಪದ ಮೊಳಕೆ ಎಂಬುದನ್ನು ಗಮನಿಸಿ. ನೀರು, ಮಣ್ಣು, ಆರೈಕೆ ಇಲ್ಲದಿದ್ದರೆ ಮೊಳಕೆ ಮರವಾಗುವುದಿಲ್ಲ.

ಮಕ್ಕಳೇ ಯಾಕೆ ನಮ್ಮನ್ನು ಇಷ್ಟು ಕಲಕುತ್ತಾರೆ? ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ಕೊನ್ರಾಡ್ ಲೊರೆಂಜ್ 1943ರಲ್ಲಿ ಒಂದು ಕಾರಣ ಮುಂದಿಟ್ಟರು. ದೊಡ್ಡ ತಲೆ, ಅಗಲ ಕಣ್ಣು, ಉಬ್ಬಿದ ಕೆನ್ನೆ, ಮೋಟು ಕೈಕಾಲು, ಇಂಥ ರೂಪ ಕಂಡ ಕೂಡಲೇ ಎತ್ತಿಕೊಳ್ಳಬೇಕು, ಕಾಪಾಡಬೇಕು ಎಂಬ ತುಡಿತ ನಮ್ಮಲ್ಲಿ ತಾನಾಗಿ ಏಳುತ್ತದೆ ಎಂದರು. ಇನ್ನೊಂದು ಕಾರಣ ನೀತಿಯದು. ದೊಡ್ಡವರ ಕಷ್ಟ ಕಂಡಾಗ, ಅವರೇನಾದರೂ ತಪ್ಪು ಮಾಡಿರಬಹುದೇ ಎಂಬ ಸಣ್ಣ ಅನುಮಾನ ನಮ್ಮೊಳಗೆ ಎಲ್ಲೋ ಇಣುಕುತ್ತದೆ. ಮಗುವಿನ ವಿಷಯದಲ್ಲಿ ಆ ಅನುಮಾನಕ್ಕೆ ಜಾಗವೇ ಇಲ್ಲ.

ಇಲ್ಲಿ ಎರಡು ಭಾವಗಳನ್ನು ಬೇರ್ಪಡಿಸಿ ನೋಡಬೇಕು. ಮಗು ಅಳುತ್ತಿದೆ, ಆ ನೋವು ನನ್ನೊಳಗೂ ಇಳಿದು ನಾನೂ ತತ್ತರಿಸುತ್ತೇನೆ, ಇದು ಒಂದು. ಮಗುವಿನ ನೋವು ನನಗೆ ಅರ್ಥವಾಗುತ್ತದೆ, ಅದು ಕಡಿಮೆಯಾಗಲಿ ಎಂದು ಮನಸ್ಸು ಅದರತ್ತ ವಾಲುತ್ತದೆ, ಇದು ಇನ್ನೊಂದು. ನರವಿಜ್ಞಾನಿಗಳಾದ ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಈ ಎರಡಕ್ಕೂ ಜನರಿಗೆ ಬೇರೆ ಬೇರೆ ತರಬೇತಿ ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದರು. ಪರರ ನೋವಿನಲ್ಲಿ ಮುಳುಗುವ ಅಭ್ಯಾಸ ಮಾಡಿದವರಿಗೆ ಕಂಗೆಡಿಸುವ ಭಾವನೆಗಳು ಹೆಚ್ಚಾದವು. ಅದೇ ಜನ ಮೈತ್ರಿ, ಕರುಣೆಗಳ ಧ್ಯಾನ ಕಲಿತ ಮೇಲೆ ಅದೇ ದೃಶ್ಯಗಳ ಎದುರು ನೆಲೆ ಕಂಡುಕೊಂಡರು. ಮಿದುಳಿನಲ್ಲಿ ಚುರುಕಾದ ಭಾಗಗಳೂ ಬೇರೆಯಾಗಿದ್ದವು. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಸ್ಕ್ಯಾನ್ ಇಲ್ಲದೆಯೂ ಇದು ಗೊತ್ತು. ಮಗುವಿನ ಜೊತೆ ತಾನೂ ಅಳಲು ಕೂತ ನರ್ಸಿಗೆ ಸೂಜಿ ಹಾಕಲು ನರ ಸಿಗುವುದಿಲ್ಲ.

ಒಂದು ಮುಖ, ಉಳಿದ ಸಾಲು

ಕರುಣೆಗೆ ಲೆಕ್ಕ ಬರುವುದಿಲ್ಲ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್, ಪಾಲ್ ಸ್ಲೋವಿಕ್ ಎಂಬ ಸಂಶೋಧಕರು ಜನರಿಗೆ ಸ್ವಲ್ಪ ಹಣ ಕೊಟ್ಟು, ಇದರಲ್ಲಿ ಎಷ್ಟನ್ನು ದಾನ ಮಾಡುತ್ತೀರಿ ಎಂದು ಕೇಳಿದರು. ಕೆಲವರಿಗೆ ಮಾಲಿ ದೇಶದ ರೋಕಿಯಾ ಎಂಬ 7 ವರ್ಷದ ಹುಡುಗಿಯ ಚಿತ್ರ ಮತ್ತು ಕಥೆ ತೋರಿಸಿದರು. ಕೆಲವರಿಗೆ ಆಫ್ರಿಕಾದಲ್ಲಿ ಲಕ್ಷಾಂತರ ಜನ ಹಸಿದಿರುವ ಅಂಕಿಸಂಖ್ಯೆ ಕೊಟ್ಟರು. ರೋಕಿಯಾಳನ್ನು ಕಂಡವರು ಸರಾಸರಿ 2.38 ಡಾಲರ್ ಕೊಟ್ಟರು, ಅಂಕಿಸಂಖ್ಯೆ ಓದಿದವರು 1.14 ಡಾಲರ್. ಇಷ್ಟು ಊಹಿಸಬಹುದಾಗಿತ್ತು. ಮೂರನೆಯ ಗುಂಪಿಗೆ ಹುಡುಗಿಯ ಕಥೆಯನ್ನೂ ಅಂಕಿಗಳನ್ನೂ ಒಟ್ಟಿಗೆ ಕೊಟ್ಟಾಗ ದಾನ 1.43 ಡಾಲರಿಗೆ ಇಳಿದುಬಿಟ್ಟಿತು. ಇವಳಂತೆ ಇನ್ನೂ ಲಕ್ಷಾಂತರ ಮಂದಿ ಇದ್ದಾರೆ ಎಂದು ತಿಳಿದ ಕೂಡಲೇ ಇವಳ ಮೇಲಿನ ಮರುಕವೂ ತಗ್ಗಿತು.

ಇದಕ್ಕಿಂತ ಮುಂಚೆ, 1995ರಲ್ಲಿ, ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು ಇನ್ನೂ ಕಠಿಣವಾದ ಪ್ರಶ್ನೆ ಎತ್ತಿದ್ದರು. ಗುಣವಾಗದ ಕಾಯಿಲೆಯ 10 ವರ್ಷದ ಹುಡುಗಿಯೊಬ್ಬಳು ಔಷಧಿಗಾಗಿ ಸಾಲಿನಲ್ಲಿ ಕಾಯುತ್ತಿದ್ದಾಳೆ ಎಂದು ಪ್ರಯೋಗದಲ್ಲಿ ಭಾಗವಹಿಸಿದವರಿಗೆ ಹೇಳಿ, ಅವಳ ಮಾತು ಕೇಳಿಸಿದರು. ಬೇಕಾದರೆ ಅವಳನ್ನು ಸಾಲಿನಲ್ಲಿ ಮುಂದೆ ತರಬಹುದು. ಆದರೆ ಅವಳಿಗಿಂತ ಹೆಚ್ಚು ಅಗತ್ಯವಿರುವ ಅಥವಾ ಅವಳಿಗಿಂತ ಮೊದಲೇ ಬಂದ ಮಕ್ಕಳು ಹಿಂದೆ ಉಳಿಯುತ್ತಾರೆ. ತಟಸ್ಥವಾಗಿ ಕೇಳಿ ಎಂದು ಸೂಚನೆ ಪಡೆದವರಲ್ಲಿ ಮೂರನೇ ಒಂದು ಪಾಲಿನಷ್ಟು ಮಂದಿ ಅವಳನ್ನು ಮುಂದೆ ತಂದರು. ಅವಳಿಗೆ ಹೇಗನ್ನಿಸುತ್ತಿರಬಹುದು ಎಂದು ಕಲ್ಪಿಸಿಕೊಳ್ಳಿ ಎಂಬ ಸೂಚನೆ ಪಡೆದವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಮಂದಿ ತಂದರು. ಕಾಣದ ಮಕ್ಕಳ ಪಾಲನ್ನು ಕಂಡ ಮಗುವಿಗೆ ಕೊಡಿಸಿದ್ದು ಕರುಣೆಯೇ.

ಶಿಬಿರದ ಮೊದಲ ದಿನ ಯಾರಿಗೆ ಆಪರೇಷನ್, ಯಾರಿಗೆ ಇಲ್ಲ ಎಂದು ತೀರ್ಮಾನಿಸುವ ವೈದ್ಯರು ಈ ಪ್ರಯೋಗದೊಳಗೇ ನಿಂತಿರುತ್ತಾರೆ. ಅತಿ ಹೆಚ್ಚು ಅಳುವ ತಾಯಿ, ಅತಿ ಮುದ್ದಾದ ಮಗು, ಅತಿ ದೂರದಿಂದ ನಡೆದು ಬಂದವರು ಎಲ್ಲರೂ ಎದುರಿಗಿದ್ದಾರೆ. ಆದ್ದರಿಂದಲೇ ಒಳ್ಳೆಯ ತಂಡಗಳು ಈ ತೀರ್ಮಾನವನ್ನು ಒಬ್ಬರ ಮನಸ್ಸಿಗೆ ಬಿಡದೆ ನಿಯಮಗಳಿಗೆ ಕಟ್ಟುತ್ತವೆ: ವಯಸ್ಸು, ತೂಕ, ರಕ್ತದ ಹಿಮೋಗ್ಲೋಬಿನ್, ಕೆಮ್ಮು ಜ್ವರ ಇದೆಯೇ, ಈ ಆಪರೇಷನ್ನಿನಿಂದ ಸಿಗುವ ಲಾಭ ಎಷ್ಟು. ಸೀಳುತುಟಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಸರಳ ಸೂತ್ರವೊಂದಿದೆ. ಮಗುವಿಗೆ 10 ವಾರ ತುಂಬಿರಬೇಕು, 10 ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕಿಲೋ ತೂಗಬೇಕು, ಹಿಮೋಗ್ಲೋಬಿನ್ 10 ಗ್ರಾಂ ಇರಬೇಕು. ಸೊರಗಿದ ಮಗುವನ್ನು ಕಂಡು ಕನಿಕರದಿಂದ ಇದನ್ನು ಮುರಿದರೆ ಅರಿವಳಿಕೆಯ ಮೇಜಿನ ಮೇಲೆಯೇ ಅಪಾಯ ಕಾದಿರುತ್ತದೆ. ಮಗುವಿನ ಶ್ವಾಸನಾಳ ಕಿರಿದು, ಮೈ ಬೇಗ ತಣ್ಣಗಾಗುತ್ತದೆ, ಔಷಧಿಯ ಪ್ರಮಾಣದಲ್ಲಿ ಸ್ವಲ್ಪ ತಪ್ಪಿದರೂ ಹೆಚ್ಚು. ನಿಯಮ ನಿಷ್ಠುರವಾಗಿ ಕಾಣಬಹುದು. ನನ್ನ ಮಟ್ಟಿಗೆ, ಹಿಂದೆ ನಿಂತು ಕಾಣದೇ ಹೋದ ಮಕ್ಕಳ ಪರವಾಗಿ ಮಾತಾಡುವುದು ಆ ನಿಯಮ ಒಂದೇ.

ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಮರುಗುವ ಈ ಗುಣಕ್ಕೆ ನೋಮಾ ಕಾಯಿಲೆಗಿಂತ ಕ್ರೂರವಾದ ಉದಾಹರಣೆ ಇರಲಾರದು. ಹೊಟ್ಟೆಗಿಲ್ಲದೆ ಬಡಕಲಾದ, ದಡಾರದಂಥ ಕಾಯಿಲೆಯಿಂದ ಆಗಷ್ಟೇ ಎದ್ದ 2ರಿಂದ 6 ವರ್ಷದ ಮಕ್ಕಳಿಗೆ ಬರುವ ರೋಗ ಇದು. ಒಸಡಿನ ಹುಣ್ಣಾಗಿ ಶುರುವಾಗಿ ದಿನಗಳಲ್ಲೇ ಕೆನ್ನೆ, ತುಟಿ, ದವಡೆಯನ್ನು ಕೊಳೆಸಿ ತಿನ್ನುತ್ತದೆ. ಬದುಕಿ ಉಳಿದ ಮಕ್ಕಳ ಮುಖವನ್ನು ಮತ್ತೆ ಕಟ್ಟಲು ನುರಿತ ಸರ್ಜನ್‌ಗಳು ದೂರದ ದೇಶಗಳಿಂದ ಬರುತ್ತಾರೆ, ಆ ಕೆಲಸ ಅಮೂಲ್ಯ. ಆದರೆ ಚಿಕಿತ್ಸೆ ಸಿಗದಿದ್ದರೆ ಈ ರೋಗ ಬಂದವರಲ್ಲಿ ಶೇಕಡ 90ರವರೆಗೆ ಸಾಯುತ್ತಾರೆ, ಮತ್ತು ಸತ್ತ ಮಗುವಿನ ಮುಖ ಯಾವ ಸರ್ಜನ್ ಕಣ್ಣಿಗೂ ಬೀಳುವುದಿಲ್ಲ. ಮೊದಲ ಹಂತದಲ್ಲೇ ಸಿಕ್ಕರೆ ಸಾಮಾನ್ಯ ಆಂಟಿಬಯೋಟಿಕ್, ಬಾಯಿಯ ಸ್ವಚ್ಛತೆ, ಒಳ್ಳೆಯ ಆಹಾರ ಇಷ್ಟರಲ್ಲೇ ರೋಗ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2023ರ ಡಿಸೆಂಬರಿನಲ್ಲಿ.

ಕೈ ತಡೆಯುವುದೂ ಚಿಕಿತ್ಸೆ

ಹಸಿದು ಮೂಳೆ ಚಕ್ಕಳವಾದ ಮಗು ಎದುರಿಗೆ ಬಂತೆನ್ನಿ. ಕರುಳು ಹೇಳುವುದು ಒಂದೇ ಮಾತು: ಹೊಟ್ಟೆ ತುಂಬ ಉಣಿಸು. ಹಾಗೆ ಉಣಿಸಿದರೆ ಆ ಮಗು ಸಾಯಬಹುದು. ತೀವ್ರ ಅಪೌಷ್ಟಿಕತೆಯಲ್ಲಿ ಹೃದಯ, ಯಕೃತ್ತು, ಮೂತ್ರಪಿಂಡ ಎಲ್ಲವೂ ತಮ್ಮ ಕೆಲಸವನ್ನು ಕನಿಷ್ಠಕ್ಕೆ ಇಳಿಸಿಕೊಂಡಿರುತ್ತವೆ. ಒಮ್ಮೆಲೇ ಹೆಚ್ಚು ಆಹಾರ ಬಂದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯ ಸೋಲುತ್ತದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಮೊದಲ ದಿನಗಳ ಗುರಿ ತೂಕ ಹೆಚ್ಚಿಸುವುದಲ್ಲ. ರಕ್ತದ ಸಕ್ಕರೆ ಕುಸಿಯದಂತೆ, ಮೈ ತಣ್ಣಗಾಗದಂತೆ, ಸೋಂಕು ಹಬ್ಬದಂತೆ ನೋಡಿಕೊಳ್ಳುವುದು ಮುಖ್ಯ. ಎಫ್-75 ಎಂಬ ತೆಳು ಹಾಲನ್ನು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ, ರಾತ್ರಿಯೂ ಎಬ್ಬಿಸಿ ಕುಡಿಸುತ್ತಾರೆ. 100 ಮಿಲಿಲೀಟರಿಗೆ 75 ಕ್ಯಾಲೊರಿ, ಪ್ರೋಟೀನು ಬೇಕೆಂದೇ ಕಡಿಮೆ. ದೇಹ ಸ್ಥಿರವಾದ ಮೇಲೆ ಗಟ್ಟಿ ಆಹಾರ. ಈ ಕ್ರಮ ಇಲ್ಲದಿದ್ದ ಕಾಲದಲ್ಲಿ ಆಸ್ಪತ್ರೆ ಸೇರಿದ ಇಂಥ ಮಕ್ಕಳಲ್ಲಿ ಶೇಕಡ 20ರಿಂದ 30ರಷ್ಟು ಸಾಯುತ್ತಿದ್ದರು. ಕ್ರಮ ತಪ್ಪದೆ ಪಾಲಿಸಿದರೆ ಅದನ್ನು ಶೇಕಡ 5ಕ್ಕಿಂತ ಕೆಳಗೆ ತರಬಹುದು. ರಾತ್ರಿ ಎರಡು ಗಂಟೆಗೆ ಅಳುವ ಮಗುವಿಗೆ ಇನ್ನೂ ಕೊಡಿ ಎಂದು ತಾಯಿ ಬೇಡುವಾಗ, ಅಳತೆಯ ಲೋಟ ಹಿಡಿದು ಇಷ್ಟೇ ಅನ್ನುವ ನರ್ಸಿನ ಕರುಣೆ ಎಷ್ಟು ಗಟ್ಟಿಯಾಗಿರಬೇಕು ಯೋಚಿಸಿ.

ತಜ್ಞರೇ ಬೆಚ್ಚಿದ ಪ್ರಸಂಗವೂ ಇದೆ. ತೀವ್ರ ಜ್ವರ ಬಂದು, ರಕ್ತ ಸಂಚಾರ ಕುಗ್ಗಿ, ಕೈಕಾಲು ತಣ್ಣಗಾದ ಮಗುವಿಗೆ ಕೂಡಲೇ ನರದ ಮೂಲಕ ರಭಸವಾಗಿ ದ್ರವ ಏರಿಸಬೇಕು ಎಂಬುದು ಸಿರಿವಂತ ದೇಶಗಳ ಆಸ್ಪತ್ರೆಗಳಲ್ಲಿ ಪ್ರಶ್ನೆಯೇ ಇಲ್ಲದ ರೂಢಿಯಾಗಿತ್ತು. ಇದು ಆಫ್ರಿಕಾದ ಮಕ್ಕಳಿಗೆ ಸಿಗದೇ ಹೋಗುತ್ತಿದೆ ಎಂಬ ಕಾಳಜಿಯಿಂದ ಕ್ಯಾಥರಿನ್ ಮೇಟ್‌ಲ್ಯಾಂಡ್ ಮತ್ತು ಸಂಗಡಿಗರು ಕೆನ್ಯಾ, ಉಗಾಂಡ, ಟಾಂಜಾನಿಯಾಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಅಧ್ಯಯನ ನಡೆಸಿದರು. ಫಲಿತಾಂಶ 2011ರಲ್ಲಿ ಹೊರಬಂತು. ರಭಸವಾಗಿ ದ್ರವ ಪಡೆದ ಮಕ್ಕಳಲ್ಲಿ 48 ಗಂಟೆಯೊಳಗೆ ಸತ್ತವರು ಶೇಕಡ 10.5ರ ಆಸುಪಾಸು, ಹಾಗೆ ಪಡೆಯದೆ ಉಳಿದ ಆರೈಕೆ ಪಡೆದವರಲ್ಲಿ ಶೇಕಡ 7.3. ಹೆಚ್ಚು ಮಾಡಿದ್ದೇ ಹಾನಿಯಾಗಿತ್ತು. ಅಧ್ಯಯನ ನಡೆಸದೆ, ನಮ್ಮ ಮಕ್ಕಳಿಗೆ ಸಿಗುವುದು ಇವರಿಗೂ ಸಿಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಡ್ರಿಪ್ ಬಾಟಲಿಗಳನ್ನು ಹಂಚಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಕೇಳಿದವರು, ಗುರುತು ಹಾಕಿಕೊಂಡವರು

ಹಾಗಾದರೆ ಕರುಣೆಯನ್ನು ಪಕ್ಕಕ್ಕಿಟ್ಟು ಬರೀ ಲೆಕ್ಕದಿಂದ ನಡೆಯಬೇಕೇ? ನನಗೆ ಹಾಗನ್ನಿಸುವುದಿಲ್ಲ. ಮಕ್ಕಳ ಆರೋಗ್ಯದ ಚರಿತ್ರೆಯಲ್ಲಿ ಬಹಳ ದೂರ ನಡೆದವರು ಕರುಳಿನ ಸಂಕಟವನ್ನು ಕಳೆದುಕೊಳ್ಳದೆ ಅದನ್ನು ಗಮನವಾಗಿ ಬದಲಿಸಿಕೊಂಡವರು. ಮೂವರನ್ನು ನೆನೆಯುತ್ತೇನೆ.

ಸಿಸಿಲಿ ವಿಲಿಯಮ್ಸ್ ಜಮೈಕಾದಲ್ಲಿ ಹುಟ್ಟಿದ ವೈದ್ಯೆ. 1929ರಿಂದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ವಸಾಹತು ಸರಕಾರದ ವೈದ್ಯಕೀಯ ಸೇವೆಯಲ್ಲಿದ್ದರು. ಕೈಕಾಲು ಊದಿ, ಚರ್ಮ ಸುಲಿದು, ಕೂದಲಿನ ಬಣ್ಣ ಮಾಸಿ ಸಾಯುವ ಪುಟ್ಟ ಮಕ್ಕಳನ್ನು ಅವರು ದಿನವೂ ನೋಡುತ್ತಿದ್ದರು. ಪುಸ್ತಕದಲ್ಲಿದ್ದ ಯಾವ ರೋಗಕ್ಕೂ ಅದು ಸರಿಹೊಂದುತ್ತಿರಲಿಲ್ಲ. ಅವರು ಆ ಊರಿನ ಹೆಂಗಸರನ್ನೇ ಕೇಳಿದರು, ಇದಕ್ಕೆ ನೀವು ಏನನ್ನುತ್ತೀರಿ? ಗಾ ಭಾಷೆಯ ಆ ತಾಯಂದಿರು ಹೇಳಿದ ಹೆಸರು ಕ್ವಾಶಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ಹಿಂದಿನ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ತಾತ್ಪರ್ಯ. ಹೆಸರಿನಲ್ಲೇ ಕಾರಣ ಇತ್ತು. ಹೊಸ ಕೂಸಿಗೆ ಎದೆ ಬಿಟ್ಟುಕೊಟ್ಟ ಮಗು ಬರೀ ಮುಸುಕಿನ ಜೋಳದ ಗಂಜಿಯ ಮೇಲೆ ಬದುಕಬೇಕಾಗುತ್ತಿತ್ತು. 1933ರಲ್ಲಿ ಅವರು ರೋಗದ ವಿವರಣೆಯನ್ನೂ, 1935ರಲ್ಲಿ ಆ ಹೆಸರನ್ನೂ ವೈದ್ಯ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಇವತ್ತಿಗೂ ಜಗತ್ತಿನ ಎಲ್ಲ ಮಕ್ಕಳ ವೈದ್ಯರು ಓದುವ ಆ ಪದ, ಒಬ್ಬ ವೈದ್ಯೆ ತಾಯಂದಿರ ಮಾತಿಗೆ ಕಿವಿಗೊಟ್ಟಿದ್ದರಿಂದ ಬಂದದ್ದು.

ಡೆನಿಸ್ ಬರ್ಕಿಟ್ ಗಾಢ ನಂಬಿಕೆಯ ಕ್ರೈಸ್ತ, ಉಗಾಂಡದಲ್ಲಿ ಸರಕಾರಿ ಸರ್ಜನ್. 1957ರಲ್ಲಿ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ಸಹೋದ್ಯೋಗಿಯೊಬ್ಬರು ಅವರನ್ನು ಕರೆದು 5 ವರ್ಷದ ಹುಡುಗನೊಬ್ಬನನ್ನು ತೋರಿಸಿದರು. ದವಡೆಯ ಎರಡೂ ಕಡೆ, ಮೇಲೂ ಕೆಳಗೂ ಗಡ್ಡೆ. ಏನೂ ಮಾಡಲಾಗಲಿಲ್ಲ. ಕೆಲವೇ ವಾರಗಳ ನಂತರ ಜಿಂಜಾ ಎಂಬ ಊರಿನ ಆಸ್ಪತ್ರೆಯಲ್ಲಿ ಅಂಥದೇ ಮುಖದ ಇನ್ನೊಂದು ಮಗು ಕಣ್ಣಿಗೆ ಬಿತ್ತು. ಒಂದು ಮಗುವಾದರೆ ದುರದೃಷ್ಟ ಅನ್ನಬಹುದು, ಎರಡನೆಯದು ಕಂಡ ಮೇಲೆ ಅವರು ಹುಡುಕತೊಡಗಿದರು. ಹಳೆಯ ದಾಖಲೆಗಳನ್ನು ತೆಗೆದರು, ಆಫ್ರಿಕಾದ ಮಿಷನ್ ಮತ್ತು ಸರಕಾರಿ ಆಸ್ಪತ್ರೆಗಳಿಗೆ ಚಿತ್ರ ಸಮೇತ ಪ್ರಶ್ನಾವಳಿ ಕಳಿಸಿ, ಉತ್ತರ ಬಂದಂತೆಲ್ಲ ನಕಾಶೆಯ ಮೇಲೆ ಗುರುತು ಹಾಕಿದರು. 1961ರಲ್ಲಿ ಇಬ್ಬರು ಗೆಳೆಯರ ಜೊತೆ ಹಳೆಯ ಫೋರ್ಡ್ ಕಾರಿನಲ್ಲಿ ಸುಮಾರು 16,000 ಕಿಲೋಮೀಟರ್ ಓಡಾಡಿ ಆಸ್ಪತ್ರೆ ಆಸ್ಪತ್ರೆಗೆ ಹೋಗಿ ವಿಚಾರಿಸಿದರು. ಸೆಕೆ ಮತ್ತು ಮಳೆ ಹೆಚ್ಚಿರುವ ಪಟ್ಟಿಯೊಂದರಲ್ಲೇ ಈ ಗಡ್ಡೆ ಕಾಣಿಸುತ್ತಿತ್ತು. ಮಲೇರಿಯಾ ಹಬ್ಬಿದ ಪಟ್ಟಿಯೂ ಅದೇ. ಲಂಡನ್ನಿನಲ್ಲಿ ಅವರ ಉಪನ್ಯಾಸ ಕೇಳಿದ ಸಂಶೋಧಕ ಆಂಟನಿ ಎಪ್‌ಸ್ಟೀನ್ ಆ ಗಡ್ಡೆಗಳೊಳಗೆ ಹುಡುಕಿ 1964ರಲ್ಲಿ ವೈರಸ್ ಒಂದನ್ನು ಕಂಡರು. ಮನುಷ್ಯರ ಕ್ಯಾನ್ಸರಿಗೂ ವೈರಸ್ಸಿಗೂ ನಂಟಿದೆ ಎಂದು ಮೊದಲು ತೋರಿಸಿಕೊಟ್ಟದ್ದು ಅದು. ಅವರ ಹೆಸರಿನಿಂದಲೇ ಬರ್ಕಿಟ್ ಲಿಂಫೋಮ ಎಂದು ಕರೆಯುವ ಈ ಗಡ್ಡೆ, ಔಷಧಿಗೆ ಬಹಳ ಚೆನ್ನಾಗಿ ಕರಗುವ ಕ್ಯಾನ್ಸರುಗಳಲ್ಲಿ ಈಗ ಒಂದು. ಆ ಮೊದಲ ಹುಡುಗ ಉಳಿಯಲಿಲ್ಲ. ಅವನನ್ನು ಕಂಡ ವೈದ್ಯರು ಅವನನ್ನು ಮರೆಯಲೂ ಇಲ್ಲ.

ಮೂರನೆಯವರು ಡೇವಿಡ್ ಮೋರ್ಲಿ. ಪಾದ್ರಿಯ ಮಗ, ಮಕ್ಕಳ ವೈದ್ಯ. 1956ರಲ್ಲಿ ನೈಜೀರಿಯಾದ ಇಲೇಶಾದಲ್ಲಿ ಮೆಥಡಿಸ್ಟ್ ಮಿಷನ್ನಿನ ವೆಸ್ಲಿ ಗಿಲ್ಡ್ ಆಸ್ಪತ್ರೆಗೆ ಬಂದರು. ಸಾಯುವ ಹಂತದಲ್ಲಿ ಬರುವ ಮಕ್ಕಳನ್ನು ವಾರ್ಡಿನಲ್ಲಿ ಉಳಿಸಲು ಹೆಣಗುವುದು ಒಂದು ದಾರಿ. ಅವರು ಪಕ್ಕದ ಇಮೇಸಿ ಎಂಬ ಹಳ್ಳಿಗೆ ಹೋಗಿ, ಅಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಯಾವ ಮಗು ಯಾವಾಗ ಯಾಕೆ ಸಾಯುತ್ತದೆ ಎಂದು ಬರೆದುಕೊಂಡರು. ಆಗ ಕಂಡದ್ದು ಇಷ್ಟು: ದಡಾರ, ನಾಯಿಕೆಮ್ಮು, ಭೇದಿ, ಮಲೇರಿಯಾ ಇವು ಒಂದೊಂದಾಗಿ ಬಂದು ಮಗುವಿನ ತೂಕವನ್ನು ಸ್ವಲ್ಪ ಸ್ವಲ್ಪ ಕಿತ್ತುಕೊಳ್ಳುತ್ತವೆ, ಕೊನೆಗೆ ಬರುವ ಯಾವುದೋ ಸಣ್ಣ ಜ್ವರ ಪ್ರಾಣ ತೆಗೆಯುತ್ತದೆ. ತೂಕ ನಿಂತದ್ದು ಮೊದಲೇ ಕಂಡರೆ ಮಗುವನ್ನು ಉಳಿಸಬಹುದು. ಅದಕ್ಕಾಗಿ ಅವರು ಒಂದು ಗಟ್ಟಿ ಕಾಗದದ ಬೆಳವಣಿಗೆ ಪಟ್ಟಿ ಮಾಡಿದರು. ಅದನ್ನು ಆಸ್ಪತ್ರೆಯ ಕಪಾಟಿನಲ್ಲಿ ಇಡಲಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಿಯ ಕೈಗೆ ಕೊಟ್ಟರು. ವೈದ್ಯರ ಬದಲು ಸ್ಥಳೀಯ ನರ್ಸುಗಳು ನಡೆಸುವ, 5 ವರ್ಷದೊಳಗಿನ ಮಕ್ಕಳ ಕ್ಲಿನಿಕ್ಕುಗಳನ್ನು ಶುರು ಮಾಡಿದರು. ಇಂದು ಅನೇಕ ದೇಶಗಳಲ್ಲಿ ತಾಯಿ ಕಾರ್ಡಿನ ಮೇಲೆ ಏರುವ ಗೆರೆ ನೋಡಿ ನಿಟ್ಟುಸಿರು ಬಿಡುವುದು ಅಲ್ಲಿಂದ ಬೆಳೆದು ಬಂದ ಪದ್ಧತಿ.

1990ರಲ್ಲಿ ಜಗತ್ತಿನಲ್ಲಿ 5 ವರ್ಷ ತುಂಬುವ ಮೊದಲೇ ಸತ್ತ ಮಕ್ಕಳು ಸುಮಾರು ಒಂದೂಕಾಲು ಕೋಟಿ. 2022ರಲ್ಲಿ ಅದು ಸುಮಾರು 49 ಲಕ್ಷಕ್ಕೆ ಇಳಿದಿತ್ತು. ಇಳಿಸಿದ್ದು ಲಸಿಕೆ, ಓಆರ್‌ಎಸ್, ಸೊಳ್ಳೆಪರದೆ, ಸುರಕ್ಷಿತ ಹೆರಿಗೆ, ಶುದ್ಧ ನೀರು. ಇವುಗಳಲ್ಲಿ ಯಾವುದರ ಚಿತ್ರ ನೋಡಿದರೂ ಕಣ್ಣೀರು ಬರುವುದಿಲ್ಲ.

ಹೊರಡುವವರು, ಉಳಿಯುವವರು

ಅಲ್ಪಾವಧಿಯ ಶಿಬಿರಗಳ ಬಗ್ಗೆ ನೇರವಾಗಿ ಹೇಳಬೇಕು. ಎರಡು ವಾರ ಬಂದು ಹೋಗುವ ತಂಡ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ನಿರ್ಧರಿಸುವುದು ರೋಗದ ಸ್ವಭಾವ. ಸೀಳುತುಟಿಗೆ ಒಂದು ಒಳ್ಳೆಯ ಆಪರೇಷನ್ ಜೀವನವನ್ನೇ ಬದಲಿಸುತ್ತದೆ. ಅಂಗುಳಿನ ಸೀಳು ಹಾಗಲ್ಲ. ಹೊಲಿಗೆ ಬಿಟ್ಟುಕೊಂಡು ತೂತು ಉಳಿಯಬಹುದು, ಕಿವಿ ಸೋರಬಹುದು, ಮಾತು ಸ್ಪಷ್ಟವಾಗಲು ವರ್ಷಗಟ್ಟಲೆ ಅಭ್ಯಾಸ ಬೇಕು. ತಂಡ ವಿಮಾನ ಹತ್ತಿದ ಮಾರನೇ ದಿನ ರಕ್ತ ಸುರಿದರೆ ಆ ಮಗುವನ್ನು ಯಾರ ಹತ್ತಿರ ಒಯ್ಯಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಶಿಬಿರ ನಡೆಯಲೇಬಾರದು. 1999ರಲ್ಲಿ ಶುರುವಾದ ಸ್ಮೈಲ್ ಟ್ರೇನ್ ಸಂಸ್ಥೆ ಸರ್ಜನ್‌ಗಳನ್ನು ಹೊರಗಿನಿಂದ ಕಳಿಸುವ ಬದಲು ಆಯಾ ದೇಶದ ಸರ್ಜನ್‌ಗಳಿಗೆ ತರಬೇತಿ ಮತ್ತು ಹಣ ಕೊಡುವ ದಾರಿ ಹಿಡಿಯಿತು. ಆಪರೇಷನ್ ಸ್ಮೈಲ್ ಕೂಡ ಕಾಲಕ್ರಮದಲ್ಲಿ ಸ್ಥಳೀಯ ತಂಡಗಳನ್ನು ಬೆಳೆಸುವತ್ತ ತಿರುಗಿದೆ.

ಇದು ಹೊಸ ಯೋಚನೆಯೂ ಅಲ್ಲ. ಮಿಷನರಿ ಕುಟುಂಬದಲ್ಲಿ ಹುಟ್ಟಿದ ಐಡಾ ಸ್ಕಡರ್, ತಿಂಡಿವನಂನಲ್ಲಿ ಒಂದೇ ರಾತ್ರಿ ಮೂವರು ಎಳೆಯ ಹೆಂಗಸರು ಹೆರಿಗೆಯಲ್ಲಿ ಸತ್ತದ್ದನ್ನು ಕಂಡವರು. ಗಂಡಸು ವೈದ್ಯ ಮುಟ್ಟುವಂತಿರಲಿಲ್ಲ, ಹೆಂಗಸು ವೈದ್ಯೆ ಇರಲಿಲ್ಲ. ಈ ಕೆಲಸ ತನಗೆ ಬೇಡ ಅನ್ನುತ್ತಿದ್ದ ಆ ಹುಡುಗಿ ಅಮೆರಿಕಕ್ಕೆ ಹೋಗಿ 1899ರಲ್ಲಿ ವೈದ್ಯಕೀಯ ಪದವಿ ಪಡೆದು, ವೈದ್ಯೆಯಾಗಿ ಮರಳಿದರು. ಒಬ್ಬಳೇ ಎಷ್ಟು ಹೆರಿಗೆ ಮಾಡಿಸಲು ಸಾಧ್ಯ? 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಕೀಯ ಶಾಲೆ ವೆಲ್ಲೂರಿನಲ್ಲಿ ತೆರೆದವು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಅನಾಥಾಲಯಗಳ ವಿಷಯದಲ್ಲಿ. ಬಂದವರ ತೊಡೆ ಏರಿ ತಬ್ಬಿಕೊಳ್ಳುವ ಮಗುವನ್ನು ಕಂಡು ಮನಸ್ಸು ಕರಗುತ್ತದೆ. ಆದರೆ ಗುರುತೇ ಇಲ್ಲದವರನ್ನು ಹಾಗೆ ತಬ್ಬುವುದು ಆ ಮಗುವಿಗೆ ತನ್ನವರು ಎಂಬ ಸ್ಥಿರ ಬಂಧ ಸಿಕ್ಕಿಲ್ಲ ಎಂಬುದರ ಲಕ್ಷಣವೂ ಆಗಿರಬಹುದು. ರೊಮೇನಿಯಾದ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಬುಖಾರೆಸ್ಟಿನಲ್ಲಿ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಸಾಕುಮನೆಗಳಿಗೆ, ಅಂದರೆ ತಮ್ಮನ್ನು ಸಾಕಲು ಒಪ್ಪಿದ ಕುಟುಂಬಗಳಿಗೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆ ಮತ್ತು ಬಾಂಧವ್ಯ ಸಂಸ್ಥೆಯಲ್ಲೇ ಉಳಿದವರಿಗಿಂತ ಚೆನ್ನಾಗಿತ್ತು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಇನ್ನೂ ಹೆಚ್ಚು ಅನುಕೂಲವಾಯಿತು. ಜಗತ್ತಿನ ಅನಾಥಾಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಅವರಿಗೆ ಚಿಕಿತ್ಸೆಯ ಖರ್ಚು, ಊಟ, ಶಾಲೆ ಒದಗಿಸಿದರೆ ಮಗು ಮನೆಯಲ್ಲೇ ಇರುತ್ತದೆ.

ಫೋಟೋಗಳ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಣ ಕೂಡಲು ಮುಖ ಬೇಕು ಎಂದು ರೋಕಿಯಾಳ ಪ್ರಯೋಗ ತೋರಿಸಿದೆ, ಹಾಗಾಗಿ ಸಂಸ್ಥೆಗಳಿಗೆ ಆಮಿಷ ದೊಡ್ಡದು. ಆದರೆ ಆಪರೇಷನ್ ಮಾಡಿಕೊಡುವವರು ಫೋಟೋ ತೆಗೆಯಲೇ ಎಂದು ಕೇಳಿದರೆ ಯಾವ ತಾಯಿ ಬೇಡ ಅಂದಾಳು? ಆ ಒಪ್ಪಿಗೆ ಒಪ್ಪಿಗೆಯಲ್ಲ. ಬೇಡ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಅವಳ ಭಾಷೆಯಲ್ಲಿ ಹೇಳಿ, ಬೇಡ ಅಂದವರ ಮಾತು ನಡೆಸಿ ತೋರಿಸಿದಾಗ ಮಾತ್ರ ಆ ಪ್ರಶ್ನೆಗೆ ಅರ್ಥ. ಮಗುವಿನ ನೋವು ಧರ್ಮಪ್ರಚಾರಕ್ಕೆ ಮೆಟ್ಟಿಲಾಗಬಾರದು ಎಂಬುದಕ್ಕೂ ಕಾರಣ ಇದೇ. ನಂಬಿಕೆ ಒಬ್ಬ ವೈದ್ಯನನ್ನು ಸಾವಿರಾರು ಮೈಲಿ ಕರೆತರಬಹುದು, ಬರ್ಕಿಟ್‌ರನ್ನೂ ಮೋರ್ಲಿಯವರನ್ನೂ ಕರೆತಂದ ಹಾಗೆ. ರೋಗಿಯ ಅಸಹಾಯಕತೆಯನ್ನು ಆ ನಂಬಿಕೆಗಾಗಿ ಬಳಸುವ ಹಕ್ಕು ಅದರಿಂದ ಬರುವುದಿಲ್ಲ.

ಈ ಕರುಣೆಗೆ ಗಡಿ ಇರಬಾರದು ಎಂದು ಗಟ್ಟಿಯಾಗಿ ಹೇಳಿದವರು ಬ್ರಿಟನ್ನಿನ ಸಮಾಜಸೇವಕಿ ಎಗ್ಲಾಂಟೈನ್ ಜೆಬ್. ಮೊದಲ ಮಹಾಯುದ್ಧ ಮುಗಿದ ಮೇಲೂ ಮಿತ್ರರಾಷ್ಟ್ರಗಳ ದಿಗ್ಬಂಧನ ಮುಂದುವರಿದು ಜರ್ಮನಿ, ಆಸ್ಟ್ರಿಯಾಗಳಲ್ಲಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದರು. 1919ರಲ್ಲಿ ಜೆಬ್ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಸಿದ ಆಸ್ಟ್ರಿಯನ್ ಮಗುವಿನ ಚಿತ್ರದ ಕರಪತ್ರ ಹಂಚಿ ಬಂಧನಕ್ಕೊಳಗಾದರು. ನ್ಯಾಯಾಲಯ 5 ಪೌಂಡ್ ದಂಡ ಹಾಕಿತು. ಅಷ್ಟೇ ಹಣವನ್ನು ಸರಕಾರದ ಪರವಾಗಿ ವಾದಿಸಿದ ವಕೀಲರೇ ಕೊಟ್ಟರು. ಶತ್ರುವಿನ ಮಕ್ಕಳಿಗಾಗಿ ಹೀಗೆ ಹುಟ್ಟಿದ ಸೇವ್ ದಿ ಚಿಲ್ಡ್ರನ್ ಸಂಸ್ಥೆಯ ಹಿಂದೆಯೇ, ಜೆಬ್ ಬರೆದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ಲೀಗ್ ಆಫ್ ನೇಷನ್ಸ್ ಜಿನೀವಾದಲ್ಲಿ ಅಂಗೀಕರಿಸಿತು. ಮರುಕವಾಗಿದ್ದದ್ದು ಹಕ್ಕಾಯಿತು. ಇದು ದೊಡ್ಡ ಜಿಗಿತ: ಹಕ್ಕು ಎಂದ ಮೇಲೆ, ಮುದ್ದಾಗಿ ಕಾಣದ ಮಗುವಿಗೂ ಪಾಲುಂಟು.

ನಾಲ್ಕು ವರ್ಷದ ರಾತ್ರಿಗಳು

ದಿನವೂ ಮಕ್ಕಳ ಸಾವು ನೋಡುವವರು ದಣಿಯುತ್ತಾರೆ. ಎಷ್ಟೋ ಮಂದಿ ಒಳಗೊಳಗೇ ಕಲ್ಲಾಗುತ್ತಾರೆ, ಇಲ್ಲವೇ ಬಿಟ್ಟು ಹೋಗುತ್ತಾರೆ. ಅವರನ್ನು ದೂರುವುದು ಅನ್ಯಾಯ. ಸುಡಾನಿನ ನೂಬಾ ಬೆಟ್ಟಗಳಲ್ಲಿ 2008ರಿಂದ ದುಡಿಯುತ್ತಿರುವ ವೈದ್ಯ ಟಾಮ್ ಕಟೀನಾ, ಬಾಂಬು ಬೀಳುತ್ತಿದ್ದ ವರ್ಷಗಳಲ್ಲೂ ಮದರ್ ಆಫ್ ಮರ್ಸಿ ಆಸ್ಪತ್ರೆ ಬಿಟ್ಟು ಹೋಗಲಿಲ್ಲ. ಅಂಥವರು ಅಪರೂಪ. ಎಲ್ಲರೂ ಹಾಗಿರಬೇಕೆಂದು ಬಯಸುವ ವ್ಯವಸ್ಥೆ ತಪ್ಪು ವ್ಯವಸ್ಥೆ. ಪಾಳಿ ಹಂಚಿಕೊಳ್ಳಲು ಇನ್ನೊಬ್ಬರು, ರಜೆ, ಸತ್ತ ಮಗುವಿನ ಬಗ್ಗೆ ಮನಬಿಚ್ಚಿ ಮಾತಾಡಲು ಜೊತೆಗಾರರು ಇದ್ದರೆ ಸಾಮಾನ್ಯ ಮನುಷ್ಯರೂ ಬಹಳ ಕಾಲ ಬಾಳಿಕೆ ಬರುತ್ತಾರೆ.

ಕೊನೆಗೆ ಒಂದು ಸಣ್ಣ, ಸದ್ದಿಲ್ಲದ ಚಿಕಿತ್ಸೆಯ ಬಗ್ಗೆ. ಸುಮಾರು ಸಾವಿರಕ್ಕೆ ಒಂದು ಮಗು ಪಾದ ಒಳಮುಖವಾಗಿ ತಿರುಚಿಕೊಂಡು ಹುಟ್ಟುತ್ತದೆ. ಹಿಂದೆ ಇದಕ್ಕೆ ದೊಡ್ಡ ಆಪರೇಷನ್ ಮಾಡುತ್ತಿದ್ದರು, ಎಷ್ಟೋ ಪಾದಗಳು ಆಮೇಲೆ ಬಿಗಿದು ನೋಯುತ್ತಿದ್ದವು. ಅಮೆರಿಕದ ಅಯೋವಾದಲ್ಲಿದ್ದ ಇಗ್ನಾಸಿಯೋ ಪೊನ್ಸೆಟಿ ಬೇರೆ ದಾರಿ ಕಂಡುಹಿಡಿದರು. ಎಳೆಯ ಪಾದವನ್ನು ಕೈಯಿಂದ ಮೆಲ್ಲಗೆ ನೇರಮಾಡಿ ಪ್ಲಾಸ್ಟರ್ ಹಾಕುವುದು, ವಾರ ಬಿಟ್ಟು ತೆಗೆದು ಇನ್ನೊಂದಿಷ್ಟು ನೇರಮಾಡಿ ಮತ್ತೆ ಹಾಕುವುದು. ಐದಾರು ವಾರ ಹೀಗೆ. ಹಿಮ್ಮಡಿಯ ಸ್ನಾಯುರಜ್ಜುವಿಗೆ ಒಂದು ಸಣ್ಣ ಕತ್ತರಿ. ವೈದ್ಯರು ಕಡಿಮೆಯಿರುವ ಉಗಾಂಡ, ಮಲಾವಿಗಳಲ್ಲಿ ತರಬೇತಿ ಪಡೆದ ಸಹಾಯಕರೇ ಇದನ್ನು ಚೆನ್ನಾಗಿ ಮಾಡುತ್ತಾರೆ.

ಆಮೇಲೆ ಕೆಲಸ ತಾಯಿಯದು. ಎರಡು ಪುಟ್ಟ ಬೂಟುಗಳನ್ನು ಒಂದು ಪಟ್ಟಿಗೆ ಜೋಡಿಸಿರುತ್ತಾರೆ. ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಇಡೀ ದಿನ, ಆಮೇಲೆ ಮಗುವಿಗೆ ನಾಲ್ಕು ವರ್ಷವಾಗುವವರೆಗೆ ಪ್ರತಿ ರಾತ್ರಿ ಅದನ್ನು ತೊಡಿಸಬೇಕು. ಮಗು ಹಟ ಮಾಡುತ್ತದೆ, ಅಳುತ್ತದೆ. ಪಾದ ನೇರವಾಗಿಯೇ ಕಾಣುತ್ತಿದೆಯಲ್ಲ, ಇವತ್ತೊಂದು ದಿನ ಬಿಡೋಣ ಅನ್ನಿಸುತ್ತದೆ. ಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳುತ್ತದೆ. ಈ ಚಿಕಿತ್ಸೆ ಸೋಲುವುದಕ್ಕೆ ಮುಖ್ಯ ಕಾರಣ ಇದೊಂದೇ. ಅದಕ್ಕೇ ಒಳ್ಳೆಯ ಕ್ಲಿನಿಕ್ಕುಗಳಲ್ಲಿ ಒಬ್ಬರು ತಪ್ಪದೆ ವಿಚಾರಿಸುತ್ತಿರುತ್ತಾರೆ. ಬೂಟು ಬಿಗಿಯಾಯಿತೇ, ಕಾಲು ಕೆಂಪಾಗಿದೆಯೇ, ರಾತ್ರಿ ನಿದ್ದೆ ಹೇಗೆ, ಮುಂದಿನ ಅಳತೆಯ ಜೋಡಿ ಬಂದಿದೆ, ಯಾವಾಗ ಬರುತ್ತೀರಮ್ಮ?